ಕೈ ಬದಲಾಯಿಸುವ ಮಾದರಿ ಟ್ಯಾಂಕು

ಧಾರವಾಡದ ನನ್ನ ವಿದ್ಯಾರ್ಥಿಯೊಬ್ಬನು ತಾನು ಕೂಡಿಟ್ಟ ಹಣದಿಂದ ರೇಡಿಯೊ ನಿಯಂತ್ರಿತ ಮಾದರಿ ಟ್ಯಾಂಕೊಂದನ್ನು ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಂಡನು. ಹಿಂದಿನ ಒಡೆಯನು ಅದಕ್ಕೆ ಹೆಚ್ಚು ಬಲದ ಮೋಟಾರುಗಳನ್ನು ಜೋಡಿಸಿದ್ದನು. ಮೇಜಿನ ಮೇಲೆ ನೆಟ್ಟಗೆ ಓಡಿದ ಆ ಟ್ಯಾಂಕು ಕಾಲೇಜಿನ ಅಂಗಳದಲ್ಲಿ ತಿರುಗತೊಡಗಿದೊಡನೆ ಅದರ ವೇಗನಿಯಂತ್ರಕವು ಹೊಗೆಯಾಡಿತು.

ಕಾರಣವು ಸರಳವಾದುದು. ಒಂದು ಬದಿಯ ಸರಪಳಿಯು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಲಿಸಿದಾಗ ಟ್ಯಾಂಕು ನಿಂತಲ್ಲಿಯೇ ತಿರುಗುತ್ತದೆ. ಆಗ ಸರಪಳಿಗಳು ನೆಲವನ್ನು ಅಡ್ಡಲಾಗಿ ಉಜ್ಜುವುದರಿಂದ ಮೋಟಾರುಗಳು ಅಧಿಕ ವಿದ್ಯುತ್ತನ್ನು ಸೆಳೆಯುತ್ತವೆ. ವಾಹಕದಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂದು ಜೂಲನು 1841ರಲ್ಲಿಯೇ ತಿಳಿಸಿದನು. ಪ್ರವಾಹವು ಇಮ್ಮಡಿಯಾದರೆ ಶಾಖವು ನಾಲ್ಮಡಿ! ಮೋಟಾರು ಬದಲಾಗಿ, ವೇಗನಿಯಂತ್ರಕವು ಹಳೆಯದೇ ಉಳಿದರೆ ಅದು ಸುಡದೆ ಇರುವುದೆಂತು?

ಮಾರ್ಪಾಟು ದೋಷವಲ್ಲ, ಅದು ಕಲಿಕೆಯ ಒಳ್ಳೆಯ ದಾರಿ. ಅದನ್ನು ಮರೆಮಾಚಿ ಮಾರುವುದು ದೋಷ. ಮಾರುವವರು ತಾವು ಬದಲಿಸಿದ ಭಾಗಗಳ ವಿವರವನ್ನು ಬರೆದು ಕೊಡಬೇಕು. ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ, ಮಾರುವವರ ಎದುರಿನಲ್ಲಿಯೇ ಟ್ಯಾಂಕನ್ನು ಮಣ್ಣಿನ ಮೇಲೆ ತಿರುಗಿಸಿ ಪರೀಕ್ಷಿಸಬೇಕು. ಲಿಥಿಯಂ ಬ್ಯಾಟರಿಯು ಉಬ್ಬಿದ್ದರೆ ಅದನ್ನು ಕೊಳ್ಳಲೇಬಾರದು; ಅದು ಹೊತ್ತಿಕೊಳ್ಳಬಹುದು. ಇಷ್ಟು ಎಚ್ಚರವಿದ್ದರೆ ಇನ್ನೊಬ್ಬ ವಿದ್ಯಾರ್ಥಿಯ ಹಣವು ಹೊಗೆಯಾಗದು.