ಹನ್ನೆರಡರ ಪಾನಾ, ಹದಿಮೂರರ ಬೋಲ್ಟು

ಎಂಟು ಮಿಲಿಮೀಟರ್ ದಪ್ಪದ ಬೋಲ್ಟು ಮಾರುತಿ ಕಾರಿನಲ್ಲಿದ್ದರೆ ಅದರ ತಲೆಗೆ 12ರ ಪಾನಾ ಕೂಡುತ್ತದೆ. ಅದೇ ದಪ್ಪದ ಬೋಲ್ಟು ಟಾಟಾ ಅಥವಾ ಮಹೀಂದ್ರ ಗಾಡಿಯಲ್ಲಿದ್ದರೆ ಬಹುಮಟ್ಟಿಗೆ 13 ಬೇಕು. ಕಾರಿನ ಸಣ್ಣಪುಟ್ಟ ಕೆಲಸ ಮನೆಯಂಗಳದಲ್ಲೇ ಮಾಡಿಕೊಳ್ಳೋಣ ಎಂದು ಹೊರಟವರು ಮೊದಲು ಎಡವುವುದು ಇಲ್ಲಿ. ಕೈಗೆ ಸಿಕ್ಕ 13ನ್ನೇ 12ರ ಬೋಲ್ಟಿಗೆ ಹಾಕಿ ಬಲ ಕೊಟ್ಟರೆ ಪಾನಾ ಜಾರುತ್ತದೆ, ಬೋಲ್ಟಿನ ಆರು ಮೂಲೆಗಳೂ ಸವೆದು ತಲೆ ದುಂಡಗಾಗುತ್ತದೆ. ಹತ್ತು ನಿಮಿಷದ ಕೆಲಸ ಅಲ್ಲಿಗೆ ಗ್ಯಾರೇಜಿನ ಪಾಲಾಯಿತು.

ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಂಡರೆ ಅರ್ಧ ಖರೀದಿ ಮುಗಿದ ಹಾಗೆಯೇ. ಮಾರುತಿಯ ಜೊತೆಗಾರ ಜಪಾನಿನ ಸುಜುಕಿ. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ರಸ್ತೆಗಿಳಿದಾಗ ಜಪಾನಿನ ಬೋಲ್ಟಿನ ಲೆಕ್ಕವೂ ಅದರೊಟ್ಟಿಗೆ ಬಂತು. ಜಪಾನಿನವರು ಬೋಲ್ಟಿನ ತಲೆಯನ್ನು ತುಸು ಚಿಕ್ಕದಾಗಿ ಇಡುತ್ತಾರೆ; ಹಾಗಾಗಿ ಆ ಮನೆತನದ ಕಾರುಗಳಲ್ಲಿ 10, 12, 14, 17, 19 ಓಡುತ್ತವೆ. ನಮ್ಮದೇ ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಇನ್ನೋವಾದಲ್ಲೂ ಇದೇ ಸಾಲು, ಕೊರಿಯಾದ ಹ್ಯುಂಡೈಯಲ್ಲೂ ಹೆಚ್ಚುಕಡಿಮೆ ಇದೇ. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಕಟ್ಟತೊಡಗಿದವರು. ಅವರದು ಯುರೋಪಿನ ಲೆಕ್ಕ; ಅದರಲ್ಲಿ ಎಂಟರ ದಪ್ಪದ ಬೋಲ್ಟಿಗೆ 13, ಹತ್ತರ ಬೋಲ್ಟಿಗೆ ಹಳೆಯದಾದರೆ 17, ಈಚಿನದಾದರೆ 16. ಆರರ ಬೋಲ್ಟಿಗೆ ಮಾತ್ರ ಎರಡೂ ಕಡೆ 10. ಬ್ಯಾಟರಿ ಟರ್ಮಿನಲ್ಲು, ಬಾನೆಟ್ಟಿನೊಳಗಿನ ಬ್ರಾಕೆಟ್ಟು, ಏರ್ ಫಿಲ್ಟರಿನ ಡಬ್ಬಿ, ಎಲ್ಲಿ ಹೋದರೂ ಹತ್ತು ಕೇಳುವುದು ಅದಕ್ಕೇ. ಹತ್ತರದ್ದನ್ನು ಎರಡು ಕೊಳ್ಳಿ. ಒಂದು ಇಂಜಿನ್ನಿನ ಸಂದಿಯಲ್ಲಿ ಬಿದ್ದು ಕಣ್ಮರೆಯಾಗುವುದು ಖಂಡಿತ.

ವಿಜಯಪುರ ಜಿಲ್ಲೆಯ ನಮ್ಮ ನಿಡಗುಂದಿಯ ಸುತ್ತಿನ ಹಳ್ಳಿಗಳಲ್ಲಿ ಇನ್ನೊಂದು ತೊಡಕಿದೆ. ಒಕ್ಕಲುತನದ ಮನೆಗಳಲ್ಲಿ ಟ್ರ್ಯಾಕ್ಟರಿಗೆಂದು ಕೊಂಡ ಪಾನಾಗಳು ಮೊದಲೇ ಇರುತ್ತವೆ, ಕೆಲವು ಕಡೆ ಅಜ್ಜನ ಕಾಲದ ಜೀಪಿನವೂ ಇರುತ್ತವೆ. ಜೀಪು ಮೂಲತಃ ಅಮೆರಿಕದ ವಿಲ್ಲೀಸ್ ಗಾಡಿ; ಅದರ ಅಳತೆಯೆಲ್ಲ ಇಂಚಿನಲ್ಲಿ. ಹಳೆಯ ಟ್ರ್ಯಾಕ್ಟರುಗಳದ್ದೂ ಬಹಳಷ್ಟು ಹಾಗೆಯೇ. ಮುಕ್ಕಾಲು ಇಂಚಿನ ಪಾನಾ ಎಂದರೆ 19.05 ಮಿಲಿಮೀಟರ್, 19ರ ಬೋಲ್ಟಿಗೆ ಧಾರಾಳವಾಗಿ ನಡೆಯುತ್ತದೆ. ಅರ್ಧ ಇಂಚಿನದು 12.7, ಹದಿಮೂರರ ಬೋಲ್ಟಿಗೆ ಹತ್ತುವುದಿಲ್ಲ, ಹನ್ನೆರಡರದಕ್ಕೆ ಸಡಿಲ. ಒಂಬತ್ತು-ಹದಿನಾರಾಂಶ ಇಂಚು 14.29. ಇದು 14ರ ಬೋಲ್ಟಿನ ಮೇಲೆ ಕೂತಂತೆ ಮಾಡಿ ಬಲ ಬಿದ್ದಾಗ ಮೋಸ ಮಾಡುತ್ತದೆ. ಆದ್ದರಿಂದ ಮನೆಯ ಹಳೆಯ ಪಾನಾಗಳನ್ನು ಕಾರಿಗೆ ತರುವ ಮೊದಲು ಅವುಗಳ ಮೇಲಿನ ಅಂಕಿ ಓದಿ, ಇಂಚಿನವನ್ನು ಬೇರೆ ಚೀಲಕ್ಕೆ ಹಾಕಿ.

ಇನ್ನು ಗ್ಯಾರೇಜಿನವರು ಗೋಟಿ ಎನ್ನುವ ಸಾಕೆಟ್ಟು. ಬಾಯಿ ತೆರೆದ ಫಿಕ್ಸ್ ಪಾನಾ ಬೋಲ್ಟಿನ ಎರಡು ಮಗ್ಗುಲನ್ನಷ್ಟೇ ಹಿಡಿಯುತ್ತದೆ. ಗೋಟಿ ತಲೆಯ ಮೇಲೆ ಟೋಪಿಯಾಗಿ ಕೂತು ಸುತ್ತಲೂ ಹಿಡಿಯುತ್ತದೆ. ಅದರ ಹಿಂಬದಿಯ ಚೌಕದ ತೂತಿಗೆ ಯಾವ ಹಿಡಿಕೆಯನ್ನಾದರೂ ಸಿಕ್ಕಿಸಬಹುದು. ಹಿಡಿಕೆ ಒಂದು, ಗೋಟಿ ಹಲವು ಎಂಬ ಈ ಉಪಾಯವನ್ನೇ ಬಂಡವಾಳ ಮಾಡಿಕೊಂಡು 1920ರಲ್ಲಿ ಅಮೆರಿಕದಲ್ಲಿ ಸ್ನ್ಯಾಪ್-ಆನ್ ಕಂಪನಿ ಹುಟ್ಟಿತು. ಐದು ಹಿಡಿಕೆ, ಹತ್ತು ಗೋಟಿ ಇದ್ದರೆ ಐವತ್ತು ಪಾನಾಗಳ ಕೆಲಸ ಆಗುತ್ತದೆ ಎಂಬುದು ಅವರ ವಾದವಾಗಿತ್ತು. ಆ ಚೌಕದ ಅಳತೆ ಮಾತ್ರ ಇವತ್ತಿಗೂ ಜಗತ್ತಿನ ತುಂಬ ಇಂಚಿನಲ್ಲೇ ಉಳಿದಿದೆ: ಕಾಲು, ಮೂರು-ಎಂಟಾಂಶ, ಅರ್ಧ, ಮುಕ್ಕಾಲು. ಮುಕ್ಕಾಲಿನದು ಲಾರಿಯವರದು. ಕಾಲು ಇಂಚಿನದು ಡ್ಯಾಶ್‌ಬೋರ್ಡಿನ ಸಣ್ಣ ಸ್ಕ್ರೂಗಳಿಗೆ. ಕಾರಿನ ಕೆಲಸಕ್ಕೆ ಮೂರು-ಎಂಟಾಂಶದ್ದು ಹದವಾದದ್ದು, ಆದರೆ ನಮ್ಮ ಅಂಗಡಿಗಳಲ್ಲಿ ಬಿಡಿಯಾಗಿ ಸುಲಭಕ್ಕೆ ಸಿಗುವುದು ಅರ್ಧ ಇಂಚಿನದು. ಮೊದಲ ಖರೀದಿಗೆ ಅರ್ಧ ಇಂಚಿನದನ್ನೇ ಆರಿಸುವುದು ಜಾಣತನ. ಒಂದು ಗೋಟಿ ಕಳೆದರೆ ವಿಜಯಪುರದಲ್ಲೋ ಬಾಗಲಕೋಟೆಯಲ್ಲೋ ಅದೊಂದನ್ನೇ ತರಬಹುದು.

ಮೊಬೈಲಿನಲ್ಲಿ ತರಿಸುವ 46 ಪೀಸಿನ ಡಬ್ಬಿಗಳ ಬಗ್ಗೆ ಎರಡು ಮಾತು. ಮುಚ್ಚಳ ತೆಗೆದರೆ ಫಳಫಳ ಹೊಳೆಯುತ್ತವೆ, ದರವೂ ಕೈಗೆಟುಕುವಂಥದ್ದು. ಆದರೆ ಅವು ಕಾಲು ಇಂಚಿನವು, ಗೋಟಿಗಳ ಅಳತೆ ಸಾಮಾನ್ಯವಾಗಿ 4ರಿಂದ 14ರವರೆಗೆ ಮಾತ್ರ. ಉಳಿದ ಎಣಿಕೆಯನ್ನು ಸ್ಕ್ರೂಡ್ರೈವರಿನ ಬಿಟ್ಟುಗಳು ತುಂಬಿರುತ್ತವೆ. ಗಾಲಿಯ ನಟ್ಟಿಗೆ ಬೇಕಾದ 19 ಇಲ್ಲ, 21 ಇಲ್ಲ, 17 ಕೂಡ ಇಲ್ಲ. ನೂರೆಂಟು ಪೀಸಿನ ದೊಡ್ಡ ಪೆಟ್ಟಿಗೆಯ ಕತೆ ಬೇರೆ: ಎಲ್ಲವೂ ಇರುತ್ತದೆ, ನಿಮ್ಮ ಕಾರು ಕೇಳುವುದು ಅದರಲ್ಲಿ ಹದಿನೈದನ್ನು. ಉಳಿದವು ಮದುವೆಯಲ್ಲಿ ಬಂದ ಪಾತ್ರೆಗಳ ಹಾಗೆ ಅಟ್ಟ ಸೇರುತ್ತವೆ. ಅದರ ಬದಲು ಒಂದು ಸಂಜೆ ಬಾನೆಟ್ ಎತ್ತಿ, ಕೈಯಲ್ಲಿ ಚೀಟಿ ಹಿಡಿದು, ಎಲ್ಲೆಲ್ಲಿ ಯಾವ ಅಳತೆ ಇದೆ ಎಂದು ನೋಡಿ ಬರೆದುಕೊಳ್ಳಿ. ಅಂಗಡಿಯವರು ‘ಎಷ್ಟರದ್ದು ಬೇಕ್ರಿ?’ ಎಂದಾಗ ಆ ಚೀಟಿ ಮುಂದಿಟ್ಟರೆ ಮಾತು ಮುಗಿಯುತ್ತದೆ.

ಮಾರುತಿ, ಹ್ಯುಂಡೈ, ಟೊಯೋಟಾ ಇದ್ದವರಿಗೆ 10, 12, 14, 17 ಮತ್ತು ಗಾಲಿಗೆ ತಕ್ಕ 19 ಅಥವಾ 21. ಟಾಟಾ, ಮಹೀಂದ್ರದವರಿಗೆ 12, 14ರ ಬದಲು 13, 16. ಇವುಗಳ ಜೊತೆ ಒಂದು ರ‍್ಯಾಚೆಟ್, ಐದಿಂಚಿನ ಒಂದು ಎಕ್ಸ್‌ಟೆನ್ಷನ್, ಉದ್ದನೆಯ ಒಂದು ಸಾದಾ ಹಿಡಿಕೆ. ಪೆಟ್ರೋಲ್ ಗಾಡಿಯಾದರೆ ಪ್ಲಗ್ಗಿನ ಉದ್ದ ಗೋಟಿ; ಹಳೆಯ ಇಂಜಿನ್ನುಗಳಿಗೆ 21, ಆಮೇಲಿನ ಬಹುತೇಕ ಇಂಜಿನ್ನುಗಳಿಗೆ 16, ಕೆಲವಕ್ಕೆ 14. ಗೋಟಿ ಇಳಿಯದ ಇಕ್ಕಟ್ಟಿಗೆ 10-11, 12-13, 14-15, 16-17ರ ಜೋಡಿ ಪಾನಾಗಳು. ಒಂದು ಪಕ್ಕಡ, ಎರಡು ಸ್ಕ್ರೂಡ್ರೈವರ್, ಅಲೆನ್ ಕೀಗಳ ಒಂದು ಗೊಂಚಲು. ಸಾಕು. ಮುಂದಿನದೆಲ್ಲ ಕೆಲಸ ಎದುರಾದಾಗ ಒಂದೊಂದಾಗಿ.

ಕೊಳ್ಳುವಾಗ ಗೋಟಿಯ ಒಳಗೆ ಇಣುಕಿ ನೋಡಿ. ಆರು ಮೂಲೆಯದೂ ಇರುತ್ತದೆ, ಹನ್ನೆರಡು ಮೂಲೆಯದೂ ಇರುತ್ತದೆ. ಹನ್ನೆರಡರದು ಹೇಗೆ ಇಟ್ಟರೂ ಬೇಗ ಕೂಡುತ್ತದೆ, ನಿಜ. ಆದರೆ ತುಕ್ಕು ಹಿಡಿದ ಬೋಲ್ಟಿನ ಮೇಲೆ ಆರರದು ಬಿಗಿಯಾಗಿ ಕಚ್ಚುತ್ತದೆ, ಮೂಲೆ ತಿನ್ನುವುದಿಲ್ಲ. ಮನೆಗೆ ಆರರದೇ ಸರಿ. ರ‍್ಯಾಚೆಟ್ಟಿನಲ್ಲಿ ಹಲ್ಲಿನ ಲೆಕ್ಕ ಕೇಳಿ: 24 ಹಲ್ಲಿನದನ್ನು ಪ್ರತಿ ಸಲ 15 ಡಿಗ್ರಿ ಹಿಂದಕ್ಕೆ ತರಬೇಕು, 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು, ಈಗಿನ ಕಾರುಗಳ ಇಕ್ಕಟ್ಟಿನಲ್ಲಿ ಇದು ದೊಡ್ಡ ಅನುಕೂಲ. ಹಾಗೆಂದು ಜಾಮಾದ ಬೋಲ್ಟನ್ನು ರ‍್ಯಾಚೆಟ್ಟಿನಿಂದ ಬಿಚ್ಚಲು ಹೋಗಬೇಡಿ. ಬಲ ಬೀಳುವುದು ಆ ಸಣ್ಣ ಹಲ್ಲುಗಳ ಮೇಲೆ. ಮೊದಲ ಬಿಗಿ ಸಡಿಲಿಸುವುದು ಉದ್ದ ಹಿಡಿಕೆಯ ಕೆಲಸ, ಸುತ್ತಿ ತೆಗೆಯುವುದು ರ‍್ಯಾಚೆಟ್ಟಿನದು. ಸರಕು ಕ್ರೋಮ್ ವೆನೇಡಿಯಂ ಉಕ್ಕಿನದಾಗಿರಲಿ. ನಾಸಿಕದ ಟಪಾರಿಯಾ ಹೆಸರು ಮೆಕ್ಯಾನಿಕ್ಕರ ಬಾಯಲ್ಲೇ ಇದೆ. ಜಲಂಧರದ ಕಾರ್ಖಾನೆಗಳಿಂದ ಬರುವ ಮಾಲಿನಲ್ಲೂ ಒಳ್ಳೆಯದು ಬಹಳ. ಅಂಕಿಯೂ ತಯಾರಕರ ಹೆಸರೂ ಇಲ್ಲದ ಹೊಳೆಯುವ ಗೋಟಿಗಿಂತ, ಹೆಸರು ಕೊರೆದ ಮಾಸಲು ಗುಜರಿ ಗೋಟಿಯನ್ನೇ ನಾನು ಆರಿಸುತ್ತೇನೆ.

ಬಿಚ್ಚುವುದಕ್ಕಿಂತ ಬಿಗಿಯುವಾಗಲೇ ಹೆಚ್ಚು ಗಾಡಿಗಳು ಕೆಡುತ್ತವೆ. ಗಾಲಿಯ ನಟ್ಟು ಬಿಗಿಯಲು ಪಾನಾದ ಮೇಲೆ ಹತ್ತಿ ನಿಂತು ಜಿಗಿಯುವವರನ್ನು ಹೆದ್ದಾರಿಯ ಬದಿಯಲ್ಲಿ ಎಲ್ಲರೂ ಕಂಡಿದ್ದೇವೆ. ಲೆಕ್ಕ ಹಾಕಿ ನೋಡೋಣ. ತಿರುಚುವ ಬಲವನ್ನು ನ್ಯೂಟನ್ ಮೀಟರಿನಲ್ಲಿ ಅಳೆಯುತ್ತಾರೆ. ಒಂದು ಅಡಿ ಉದ್ದದ ಹಿಡಿಕೆಯ ತುದಿಗೆ 30 ಕಿಲೋ ಭಾರ ಬಿದ್ದರೆ ಸುಮಾರು 90 ನ್ಯೂಟನ್ ಮೀಟರ್ ಆಗುತ್ತದೆ. ಸಣ್ಣ ಕಾರುಗಳ ಗಾಲಿ ನಟ್ಟಿಗೆ ಕಂಪನಿಯ ಪುಸ್ತಕಗಳು ಹೇಳುವುದು ಸಾಮಾನ್ಯವಾಗಿ 85ರಿಂದ 110. ಅರವತ್ತು ಕಿಲೋ ತೂಕದ ಮನುಷ್ಯ ಅದೇ ಹಿಡಿಕೆಯ ಮೇಲೆ ನಿಂತರೆ 180ರ ಹತ್ತಿರ. ಜಿಗಿದರೆ ಇನ್ನೂ ಮೇಲೆ. ಚೂಡಿ ಎಳೆದುಹೋಗುತ್ತದೆ, ಮುಂದಿನ ಸಲ ಪಂಚರ್ ಆದಾಗ ಮನೆಯ ಹೆಣ್ಣುಮಗಳೊಬ್ಬಳೇ ಗಾಡಿಯಲ್ಲಿದ್ದರೆ ನಟ್ಟು ಬಿಚ್ಚಲು ಬರುವುದಿಲ್ಲ. ಆಯಿಲ್ ಇಳಿಸುವ ಪ್ಲಗ್ಗಿಗೆ ಇನ್ನೂ ಕಡಿಮೆ ಬಲ ಸಾಕು, ಇಂಜಿನ್ನಿನ ಅಲ್ಯೂಮಿನಿಯಂ ತಲೆಯೊಳಗೆ ಕೂರುವ ಸ್ಪಾರ್ಕ್ ಪ್ಲಗ್ಗಿಗಂತೂ ಬಹಳ ಕಡಿಮೆ. ಗೊತ್ತುಮಾಡಿದ ಬಲ ಮುಟ್ಟಿದಾಗ ಟಕ್ಕೆನ್ನುವ ಟಾರ್ಕ್ ರೆಂಚನ್ನು ಎರಡನೆಯ ಸುತ್ತಿನ ಖರೀದಿಯಲ್ಲಿ ಮೊದಲಿಗೆ ಇಡಿ. ಕೆಲಸ ಮುಗಿದ ಮೇಲೆ ಅದರ ಹಿಡಿಯನ್ನು ಕನಿಷ್ಠ ಅಂಕಿಗೆ ತಿರುಗಿಸಿಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋತು ಸುಳ್ಳು ಹೇಳತೊಡಗುತ್ತದೆ.

ಗಾಡಿ ಎತ್ತುವ ವಿಷಯದಲ್ಲಿ ನಮ್ಮ ನೆಲಕ್ಕೇ ಸೇರಿದ ಅಪಾಯವೊಂದಿದೆ. ಇದು ಎರೆಮಣ್ಣಿನ ಸೀಮೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತೆ ತೋರುವ ನೆಲ ಎರಡು ಮಳೆ ಬಿದ್ದರೆ ಜಾಕನ್ನು ನುಂಗುತ್ತದೆ. ಗಾಡಿಯ ಜೊತೆ ಬರುವ ಜಾಕಿನ ಪಾದ ಅಂಗೈ ಅಗಲದ್ದು. ಅದರ ಕೆಳಗೆ ದಪ್ಪ ಹಲಗೆ ಇಡದೆ ಮಣ್ಣಿನ ಮೇಲೆ ಗಾಡಿ ಎತ್ತಲೇಬಾರದು. ಹಲಗೆ ಇಟ್ಟರೂ ಆ ಜಾಕು ಗಾಲಿ ಬದಲಿಸುವುದಕ್ಕಷ್ಟೇ. ಗಾಡಿಯ ಕೆಳಗೆ ತೂರುವ ಕೆಲಸವಿದ್ದರೆ ಸಿಮೆಂಟಿನ ಅಂಗಳ ಬೇಕು, ಎರಡು ಜಾಕ್ ಸ್ಟ್ಯಾಂಡ್ ಬೇಕು, ಎದುರಿನ ಗಾಲಿಗಳಿಗೆ ಅಡ್ಡಗಲ್ಲು ಬೇಕು. ಇಟ್ಟಂಗಿ ಜೋಡಿಸಿ ಅದರ ಮೇಲೆ ಗಾಡಿ ಕೂರಿಸುವವರಿದ್ದಾರೆ. ಇಟ್ಟಂಗಿ ಒಡೆಯುವ ಮುನ್ನ ಸದ್ದು ಮಾಡಿ ತಿಳಿಸುವುದಿಲ್ಲ. ಹಣ ಕಡಿಮೆ ಇದ್ದರೆ ರ‍್ಯಾಚೆಟ್ ಅಗ್ಗದ್ದು ತನ್ನಿ, ಸ್ಟ್ಯಾಂಡ್ ಒಳ್ಳೆಯದು ತನ್ನಿ.

ಇಷ್ಟು ಸಲಕರಣೆ ಬಂತೆಂದು ಎಲ್ಲಕ್ಕೂ ಕೈ ಹಚ್ಚುವಂತಿಲ್ಲ. ಬ್ಯಾಟರಿ ತೆಗೆಯುವುದು (ಮೈನಸ್ ತಂತಿ ಮೊದಲು, ಕೂಡಿಸುವಾಗ ಕೊನೆಗೆ), ಏರ್ ಫಿಲ್ಟರ್, ಪ್ಲಗ್ಗು, ಆಯಿಲ್ಲು, ಬಲ್ಬು, ವೈಪರ್, ಸ್ಟೆಪ್ನಿ: ಇವು ಮನೆಯ ಕೆಲಸಗಳು. ಕಬ್ಬಿನ ಹಂಗಾಮಿನಲ್ಲಿ ಧೂಳಿನ ದಾರಿಯಲ್ಲಿ ಓಡುವ ಗಾಡಿಗೆ ಏರ್ ಫಿಲ್ಟರ್ ಒಂದನ್ನು ಆಗಾಗ ತೆಗೆದು ನೋಡಿದರೂ ದೊಡ್ಡ ಉಪಕಾರವೇ. ಬ್ರೇಕು, ಏರ್‌ಬ್ಯಾಗು, ಟೈಮಿಂಗ್ ಬೆಲ್ಟು, ಅದುಮಿಟ್ಟ ಸಸ್ಪೆನ್ಷನ್ ಸ್ಪ್ರಿಂಗು ಕಲಿತ ಕೈಯ ಪಾಲು. ಈಗಿನ ಡೀಸೆಲ್ ಇಂಜಿನ್ನಿನ ಇಂಜೆಕ್ಟರ್ ಪೈಪುಗಳಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಇಂಜಿನ್ ಓಡುವಾಗ ಆ ಪೈಪಿನ ನಟ್ಟು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಅಂಥ ಹೊತ್ತಿಗೆ ಊರಿನ ಮೆಕ್ಯಾನಿಕ್ ಬೇಕೇ ಬೇಕು. ಸಣ್ಣ ಕೆಲಸ ತಾನೇ ಮಾಡಿಕೊಳ್ಳುವ ಗಿರಾಕಿಯ ಮೇಲೆ ಆತ ಸಿಟ್ಟಾಗುತ್ತಾನೆ ಎಂಬುದು ತಪ್ಪು ತಿಳಿವಳಿಕೆ. ‘ಸದ್ದು ಎಡಗಡೆ ಮುಂದಿನ ಗಾಲಿಯಿಂದ ಬರ್ತದರಿ’ ಎಂದು ನಿಖರವಾಗಿ ಹೇಳಬಲ್ಲವರೊಂದಿಗೆ ಅವನ ಕೆಲಸ ಬೇಗ ಸಾಗುತ್ತದೆ.

ಆಯಿಲ್ ಬದಲಿಸುವ ಮನಸ್ಸಿದ್ದರೆ ಚೀಟಿಗೆ ಇನ್ನೆರಡು ಸೇರಿಸಿ: ಅಗಲ ಬಾಯಿಯ ಒಂದು ಬೋಗುಣಿ, ಮುಚ್ಚಳ ಬಿಗಿಯಾಗಿ ಕೂಡುವ ಐದು ಲೀಟರಿನ ಕ್ಯಾನು. ಇಳಿಸಿದ ಕರಿ ಎಣ್ಣೆಯನ್ನು ಗಟಾರಕ್ಕೋ ಹೊಲದ ಬದುವಿಗೋ ಸುರಿಯಬಾರದು. ನಿಡಗುಂದಿಯ ಹಳ್ಳದ ನೀರು ಹೋಗಿ ಸೇರುವುದು ಕೃಷ್ಣೆಯನ್ನು. ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಒಯ್ದರೆ ಅವರು ಡ್ರಮ್ಮಿಗೆ ಹಾಕಿಕೊಳ್ಳುತ್ತಾರೆ. ಹಳೆಯ ಆಯಿಲ್ ಕೊಳ್ಳುವವರು ಅದನ್ನು ಅಲ್ಲಿಂದ ಒಯ್ಯುತ್ತಾರೆ.