ಆಕಾಶದಲ್ಲಿ ಸಾಲುದೀಪ ಕಂಡರೆ ಮೊದಲು ಗಡಿಯಾರ ನೋಡಿ, ಆಮೇಲೆ ಫಾರ್ವರ್ಡ್ ಮಾಡಿ

"ಅಣ್ಣ, ಆಕಾಶದಲ್ಲಿ ಎಂತದೋ ಹೋಗ್ತಾ ಉಂಟು, ಬೇಗ ಹೊರಗೆ ಬನ್ನಿ."

ಹೊರನಾಡು, ಕಳಸ, ಬಾಳೆಹೊಳೆ ಕಡೆಯ ವಾಟ್ಸಾಪ್ ಗ್ರೂಪುಗಳಿಗೆ ಇಂಥ ವಾಯ್ಸ್ ಮೆಸೇಜ್ ಹೊಸತೇನಲ್ಲ. ಹಿಂದೆಯೇ ಅಲುಗಾಡುವ ಒಂದು ವಿಡಿಯೋ, ಅದರಲ್ಲಿ ಕಪ್ಪು ಆಕಾಶ, ನಡುವೆ ಬಿಳಿ ಚುಕ್ಕಿ. ಹತ್ತು ನಿಮಿಷದಲ್ಲಿ ಅದು ಏಲಿಯನ್, ಇಪ್ಪತ್ತು ನಿಮಿಷದಲ್ಲಿ ಕ್ಷಿಪಣಿ, ರಾತ್ರಿ ಊಟದ ಹೊತ್ತಿಗೆ "ಕಳ್ಳರು ಬಿಟ್ಟ ಡ್ರೋನ್". ಏಲಿಯನ್ ಎಂದರೆ ನಕ್ಕು ಮಲಗಬಹುದು. ಈ ಕೊನೆಯದನ್ನು ಹಾಗೆ ಬಿಡೋಕೆ ಆಗೋದಿಲ್ಲ.

ಮೊದಲು ಆಕಾಶದ ವಿಷಯ. 2021ರ ಡಿಸೆಂಬರ್ 20ರ ಸಂಜೆ ಉಡುಪಿ, ಮಂಗಳೂರು ಸೇರಿ ಕರಾವಳಿಯ ಹಲವು ಕಡೆ ಜನ ರಸ್ತೆಯಲ್ಲೇ ನಿಂತು ಮೇಲೆ ನೋಡಿದ್ದು ನೆನಪಿರಬಹುದು. ದಾರಕ್ಕೆ ಪೋಣಿಸಿದ ಹಾಗೆ ಸಾಲಾಗಿ ದೀಪಗಳು, ಸದ್ದಿಲ್ಲ, ಒಂದರ ಹಿಂದೆ ಒಂದು ಅದೇ ದಾರಿಯಲ್ಲಿ ಹೋದವು. ರೈಲು ಹೋದ ಹಾಗಿತ್ತು ಅಂದರು ನೋಡಿದವರು. ಅದೇ ತಿಂಗಳ ಆರಂಭದಲ್ಲಿ ಪಂಜಾಬಿನ ಪಠಾಣ್‌ಕೋಟ್ ಕಡೆಯೂ ಇದೇ ದೃಶ್ಯ ಕಂಡಿತ್ತು. ಗಡಿ ಜಿಲ್ಲೆ ಬೇರೆ, ಅಲ್ಲಿಯ ಗಾಬರಿ ಹೇಳಬೇಕಾಗಿಲ್ಲ.

ಉತ್ತರ ಸಿಕ್ಕಿದ್ದು ಕ್ಯಾಲೆಂಡರಿನಲ್ಲಿ. ಡಿಸೆಂಬರ್ 18ರಂದು ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಸ್ಪೇಸ್‌ಎಕ್ಸ್ ಕಂಪನಿ ಒಂದೇ ರಾಕೆಟ್‌ನಲ್ಲಿ 52 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಹಾರಿಸಿತ್ತು. ಡಿಸೆಂಬರ್ 2ರಂದು ಫ್ಲಾರಿಡಾದಿಂದ ಇನ್ನೊಂದು ಕಂತು ಹೋಗಿತ್ತು. ಹೊಸದಾಗಿ ಹಾರಿಸಿದ ಉಪಗ್ರಹಗಳು ಮೊದಲ ಕೆಲವು ದಿನ ಕೆಳಮಟ್ಟದಲ್ಲಿ ಒತ್ತೊತ್ತಾಗಿಯೇ ಸುತ್ತುತ್ತವೆ. ಆಮೇಲೆ ಒಂದೊಂದಾಗಿ ಸುಮಾರು 550 ಕಿಲೋಮೀಟರ್ ಎತ್ತರಕ್ಕೆ ಏರಿ ದೂರ ದೂರ ಆಗುತ್ತವೆ, ಮಂಕಾಗುತ್ತವೆ. ಹಾಗಾಗಿ ಸಾಲು ಕಾಣೋದು ಹಾರಿಸಿದ ಬೆನ್ನಿಗೆ ಮಾತ್ರ.

ಅವುಗಳಲ್ಲಿ ದೀಪ ಇದೆಯಾ? ಇಲ್ಲ. ಸಂಜೆ ಕಳಸದ ಪೇಟೆ ಕತ್ತಲಾದರೂ ಕುದುರೆಮುಖದ ತುದಿಯಲ್ಲಿ ಇನ್ನೂ ಬಿಸಿಲು ಉಳಿದಿರುತ್ತಲ್ಲ, ಅದೇ ಲೆಕ್ಕ. ನಮಗೆ ಸೂರ್ಯ ಮುಳುಗಿದ್ದರೂ ನೂರಾರು ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಮುಳುಗಿರೋದಿಲ್ಲ. ಆ ಬಿಸಿಲು ಅದರ ಮೈಗೆ ಬಿದ್ದು ನಮಗೆ ಹೊಳೆಯುತ್ತದೆ. ಅದಕ್ಕೇ ಇವು ಹೆಚ್ಚಾಗಿ ಸೂರ್ಯಾಸ್ತದ ನಂತರದ ಒಂದೆರಡು ಗಂಟೆ, ಇಲ್ಲವೇ ಬೆಳಗಿನ ಜಾವ ಕಾಣುತ್ತವೆ. ಭೂಮಿಯ ನೆರಳಿಗೆ ಹೊಕ್ಕ ಕೂಡಲೇ ನಡು ಆಕಾಶದಲ್ಲೇ ಮಾಯ. "ಸ್ವಿಚ್ ಆಫ್ ಮಾಡಿದ ಹಾಗೆ ಹೋಯ್ತು ಮಾರಾಯ್ರೆ" ಅಂತ ಜನ ಹೇಳೋದು ಸುಳ್ಳಲ್ಲ, ಹಾಗೇ ಆಗೋದು. ವೇಗ ಗಂಟೆಗೆ ಸುಮಾರು 27 ಸಾವಿರ ಕಿಲೋಮೀಟರ್. ನಮ್ಮ ತಲೆ ಮೇಲಿಂದ ಹೊರಟು ಒಂದು ನಿಮಿಷದೊಳಗೆ ಬೆಂಗಳೂರು ದಾಟಿರುತ್ತದೆ. ನಾವು ಅಷ್ಟರಲ್ಲಿ ಫೋನಿನ ಲಾಕ್ ತೆಗೆದಿರ್ತೀವಿ.

ನಮ್ಮ ಊರಿಗೆ ಇನ್ನೊಂದು ತೊಡಕಿದೆ. ಉಡುಪಿ ಕಡಲ ತೀರದಲ್ಲಿ ನಿಂತರೆ ಆಕಾಶ ಬುಡದಿಂದ ಕಾಣುತ್ತದೆ. ಹೊರನಾಡಿನಲ್ಲಿ ಸುತ್ತ ಗುಡ್ಡ, ಮೇಲೆ ಸಿಲ್ವರ್ ಓಕ್ ಮರಗಳು. ನಮಗೆ ಸಿಗೋದು ಬಾವಿಯೊಳಗಿಂದ ನೋಡಿದ ಹಾಗೆ ಒಂದು ತುಂಡು ಆಕಾಶ. ಎಲ್ಲೋ ದೂರದಿಂದ ನಿಧಾನವಾಗಿ ಬರುತ್ತಿದ್ದ ಬೆಳಕು ನಮಗೆ ಗುಡ್ಡದ ತಲೆಯಿಂದ ಏಕ್ದಮ್ ಎದ್ದು ಬಂದ ಹಾಗೆ ಕಾಣುತ್ತದೆ. "ಆ ಎಸ್ಟೇಟಿನೊಳಗಿಂದಲೇ ಎದ್ದಿದ್ದು" ಅಂತ ಆಣೆ ಮಾಡಿ ಹೇಳುವವರು ಹುಟ್ಟಿಕೊಳ್ಳೋದು ಹೀಗೆ. ಅವರು ಸುಳ್ಳು ಹೇಳ್ತಾ ಇಲ್ಲ, ಕಣ್ಣು ಅಳತೆ ತಪ್ಪಿದೆ ಅಷ್ಟೇ. ರಾತ್ರಿಯ ಒಂಟಿ ಬೆಳಕಿನ ದೂರವನ್ನು ಬರಿಗಣ್ಣಲ್ಲಿ ಅಳೆಯೋಕೆ ಯಾರಿಗೂ ಆಗೋದಿಲ್ಲ.

ಎಲ್ಲ ಬೆಳಕೂ ಸ್ಟಾರ್‌ಲಿಂಕ್ ಅಲ್ಲ ಅನ್ನೋದೂ ನಿಜ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶದಲ್ಲಿ ಕಂಡ ಬೆಂಕಿಯ ಗೆರೆಗಳು ಚೀನಾದ ಲಾಂಗ್ ಮಾರ್ಚ್ ರಾಕೆಟ್‌ನ ಹಳೇ ಭಾಗ ಉರಿದು ಬೀಳುತ್ತಿದ್ದದ್ದು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸುಮಾರು ಮೂರು ಮೀಟರ್ ಅಗಲದ ಲೋಹದ ಬಳೆಯೇ ಬಿತ್ತು. ಅದೇ ವರ್ಷ ಡಿಸೆಂಬರ್ 15ರ ಸಂಜೆ ಒಡಿಶಾ, ಬಂಗಾಳದ ಜನ ನೋಡಿ ಬೆರಗಾದದ್ದು ನಮ್ಮದೇ ಅಗ್ನಿ-5 ಕ್ಷಿಪಣಿಯ ಪರೀಕ್ಷೆ. ಅಂದರೆ "ಕ್ಷಿಪಣಿ" ಅಂದವರ ಮಾತೂ ಕೆಲವೊಮ್ಮೆ ಸರಿ.

ಗುರುತು ಹಿಡಿಯೋದು ಕಷ್ಟ ಇಲ್ಲ. ಎರಡು ಮೂರು ಸೆಕೆಂಡಲ್ಲಿ ಮುಗಿದರೆ ಉಲ್ಕೆ. ಉರಿಯುತ್ತಾ, ತುಂಡಾಗುತ್ತಾ ಒಂದು ನಿಮಿಷದಷ್ಟು ಹೋದರೆ ರಾಕೆಟ್‌ನ ಅವಶೇಷ. ಒಂದೇ ದೊಡ್ಡ ಚುಕ್ಕಿ ಮಿನುಗದೆ ನಾಲ್ಕೈದು ನಿಮಿಷ ತೇಲಿದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರಬಹುದು. ಪಡುವಣದಲ್ಲಿ ಅಲ್ಲಾಡದೆ ದಿನಾ ಸಂಜೆ ಅಲ್ಲೇ ಕಂಡರೆ ಅದು ಶುಕ್ರ; ಪೊಲೀಸರಿಗೆ ಫೋನ್ ಬೇಡ. ಕಿತ್ತಳೆ ಬಣ್ಣ, ಗಾಳಿ ಬಂದತ್ತ ತೇಲ್ತಾ ಇದ್ದರೆ ಯಾರದ್ದೋ ಮದುವೆಗೋ ಹೋಂಸ್ಟೇ ಪಾರ್ಟಿಗೋ ಬಿಟ್ಟ ಕಾಗದದ ದೀಪ. (ಹುಲ್ಲು ಒಣಗಿದ ಬೇಸಿಗೆಯಲ್ಲಿ ಗುಡ್ಡದ ಊರಲ್ಲಿ ಅದನ್ನು ಬಿಡುವವರಿಗೆ ಮಾತ್ರ ದಂಡ ಹಾಕಬೇಕು, ಅದು ಬೇರೆ ಮಾತು.) ಡ್ರೋನ್ ಆದರೆ ಜೇನಿನ ಹಾಗೆ ಗುಂಯ್ ಅನ್ನುತ್ತದೆ, ಸಾಮಾನ್ಯವಾಗಿ ಕೆಂಪು ಹಸಿರು ದೀಪ ಇರುತ್ತದೆ, ನಿಲ್ಲುತ್ತದೆ, ತಿರುಗುತ್ತದೆ. ಸಾಮಾನ್ಯ ಡ್ರೋನಿನ ಬ್ಯಾಟರಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ.

ಈಗ ಆ ಡ್ರೋನ್ ಮಾತಿಗೆ ಬರೋಣ. 2025ರ ಮಳೆಗಾಲದಲ್ಲಿ ಪಶ್ಚಿಮ ಉತ್ತರ ಪ್ರದೇಶದ ಹಳ್ಳಿಗಳಲ್ಲಿ "ಡ್ರೋನ್ ಹಾರಿಸಿ ಮನೆ ನೋಡಿಕೊಂಡು ಕಳ್ಳತನ ಮಾಡ್ತಾರೆ" ಎಂಬ ಗುಲ್ಲು ಹಬ್ಬಿ ಜನ ದೊಣ್ಣೆ ಹಿಡಿದು ರಾತ್ರಿಯೆಲ್ಲ ಕಾದರು. ಮುಜಫ್ಫರ್‌ನಗರದಲ್ಲಿ ಪಾರಿವಾಳಕ್ಕೆ ಕೆಂಪು ಹಸಿರು ದೀಪ ಕಟ್ಟಿ ಹಾರಿಸಿದ ಇಬ್ಬರನ್ನು ಪೊಲೀಸರು ಹಿಡಿದರು. ಅದು ನಗುವ ಕಥೆ. ನಗಲಾಗದ ಕಥೆ ಅಕ್ಟೋಬರ್‌ನಲ್ಲಿ ರಾಯ್‌ಬರೇಲಿಯಲ್ಲಿ ಆಯಿತು. ಅದೇ ಗುಲ್ಲಿನ ನಡುವೆ ಕಳ್ಳನೆಂದು ಸಂಶಯಪಟ್ಟು ಒಬ್ಬ ಮನುಷ್ಯನನ್ನು ಹೊಡೆದು ಕೊಂದರು.

ಅದು ಉತ್ತರ ಪ್ರದೇಶ, ನಮ್ಮಲ್ಲಿ ಹಾಗಾಗೋದಿಲ್ಲ ಅನ್ನುವವರಿಗೆ 2018ರ ಜುಲೈ ನೆನಪಿಸಬೇಕು. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ, ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ಸುದ್ದಿ ನಂಬಿ, ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಜನ ಕೊಂದರು. ಬಂಧಿತರಲ್ಲಿ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಸಹ ಇದ್ದ.

ನಮ್ಮ ಕಡೆ ಅಪಾಯದ ತಿಂಗಳು ಯಾವುದು ಅಂತ ಯೋಚಿಸಿ. ಡಿಸೆಂಬರ್, ಜನವರಿ. ಮಳೆ ಮೋಡ ಹೋಗಿ ಆಕಾಶ ತಿಳಿಯಾಗಿರುತ್ತದೆ, ಬೆಳಕು ಕಾಣೋದು ಆಗಲೇ. ಅದೇ ಹೊತ್ತಿಗೆ ಕಾಫಿ ಕೊಯ್ಲು. ಕಣದಲ್ಲಿ ಲಕ್ಷಾಂತರ ರೂಪಾಯಿಯ ಕಾಫಿ ಹರಡಿರುತ್ತದೆ, ಕಾವಲಿನವರಿಗೆ ನಿದ್ದೆ ಇಲ್ಲ. ಲೈನ್ ಮನೆಗಳಲ್ಲಿ ಅಸ್ಸಾಂನಿಂದ, ಉತ್ತರ ಕರ್ನಾಟಕದಿಂದ ಬಂದ ಕೂಲಿ ಕಾರ್ಮಿಕರು. ಪೇಟೆಯಲ್ಲಿ ಅನ್ನಪೂರ್ಣೇಶ್ವರಿ ದರ್ಶನಕ್ಕೆ ಬಂದ ಪರಊರಿನ ಕಾರುಗಳು, ದಾರಿ ತಪ್ಪಿ ಎಸ್ಟೇಟ್ ರಸ್ತೆಗೆ ನುಗ್ಗುವ ಗೂಗಲ್ ಮ್ಯಾಪಿನ ಪ್ರವಾಸಿಗರು. ಕಳ್ಳತನದ ಭಯ ಸುಳ್ಳಲ್ಲ. ಕಾಫಿ, ಮೆಣಸು ಕಳೆದುಕೊಂಡವರಿಗೆ ಗೊತ್ತು ಅದರ ಸಂಕಟ. ಆದರೆ ಆ ಭಯದ ಮೇಲೆ "ಮೇಲೆ ಡ್ರೋನ್ ಬಂತು" ಅನ್ನೋ ಒಂದು ಮೆಸೇಜ್ ಬಿದ್ದರೆ, ರಾತ್ರಿ ಹತ್ತಕ್ಕೆ ರಸ್ತೆ ಬದಿ ನಿಂತ ಅಪರಿಚಿತನ ಗತಿ ಏನು? ತಾಲ್ಲೂಕು ಆಡಳಿತ ಮತ್ತು ಪೊಲೀಸರು ಇಂಥ ಬೆಳಕು ಕಂಡ ರಾತ್ರಿಯೇ ಎರಡು ಸಾಲಿನ ಸ್ಪಷ್ಟನೆ ಹಾಕಬೇಕು. ಮರುದಿನ ಸಂಜೆ ಹಾಕಿದರೆ ಅಷ್ಟರಲ್ಲಿ ಸುದ್ದಿ ಕೊಪ್ಪ, ಶೃಂಗೇರಿ ದಾಟಿರುತ್ತದೆ.

ಮೂಡಿಗೆರೆಯಲ್ಲಿದ್ದುಕೊಂಡೇ ತೇಜಸ್ವಿಯವರು ಹಾರುವ ತಟ್ಟೆಗಳ ಬಗ್ಗೆ 'ಫ್ಲೈಯಿಂಗ್ ಸಾಸರ್ಸ್' ಅಂತ ಎರಡು ಭಾಗ ಪುಸ್ತಕ ಬರೆದರು. ಆಕಾಶದ ಕುತೂಹಲ ನಮ್ಮ ನೆಲಕ್ಕೆ ಹೊಸತಲ್ಲ, ಇರಲಿ ಕೂಡ.

ಮತ್ತೊಂದು ವಿಚಿತ್ರ ನೋಡಿ. ನಮ್ಮನ್ನು ಹೆದರಿಸಿದ ಅದೇ ಸಾಲುದೀಪ ಇಂಟರ್‌ನೆಟ್ ಕೊಡುವ ಯಂತ್ರ. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಪರವಾನಗಿ ಕೊಟ್ಟಿತು, ಜುಲೈನಲ್ಲಿ ಇನ್‌ಸ್ಪೇಸ್ ಐದು ವರ್ಷದ ಅನುಮತಿ ಕೊಟ್ಟಿತು. ಒಂದು ಕಾಲ್ ಮಾಡೋಕೆ ಗುಡ್ಡ ಹತ್ತಬೇಕಾದ ನಮ್ಮ ಹಳ್ಳಿಗಳಿಗೆ ಇದು ಸಣ್ಣ ವಿಷಯ ಅಲ್ಲ. ಆದರೆ ಡಿಶ್ ಆಂಟೆನಾದ ಖರ್ಚು ಎಸ್ಟೇಟ್ ಮಾಲೀಕರಿಗೆ ಹೊರೆಯಾಗದು, ಲೈನ್ ಮನೆಗೆ ಎಟುಕದು. ಟವರ್ ಕೇಳೋದನ್ನು ನಾವು ಬಿಡುವ ಹಾಗಿಲ್ಲ.

ಅಲ್ಲಿವರೆಗೆ ಓದುಗರಲ್ಲಿ ಒಂದು ವಿನಂತಿ. ನಮಗೆ ವಿಡಿಯೋ ಕಳಿಸಿ, ಖಂಡಿತ ಕಳಿಸಿ. ಜೊತೆಗೆ ನಾಲ್ಕು ವಿಷಯ ಬರೆಯಿರಿ: ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಕಂಡಿತು, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಯಿತು, ಎಷ್ಟು ಹೊತ್ತು ಇತ್ತು, ಸದ್ದು ಬಂತಾ ಇಲ್ವಾ. ಇಷ್ಟಿದ್ದರೆ ಉಪಗ್ರಹಗಳ ವೇಳಾಪಟ್ಟಿ ಜೊತೆ ತಾಳೆ ನೋಡೋದು ಹತ್ತು ನಿಮಿಷದ ಕೆಲಸ. ಆಕಾಶದಿಂದ ಏನಾದರೂ ನಿಜವಾಗಿ ತೋಟಕ್ಕೆ ಬಿದ್ದರೆ ಮುಟ್ಟಬೇಡಿ, ರಾಕೆಟ್ ಇಂಧನ ವಿಷ, 112ಕ್ಕೆ ಹೇಳಿ. ರಾತ್ರಿ ಅಪರಿಚಿತರು ಕಂಡು ಅನುಮಾನ ಬಂದರೂ ಅದೇ ನಂಬರ್.