ಹಳೆಯ ಕ್ಯಾಮೆರಾ, ಹೊಸ ಸಾಲ

ಬಳೇಪೇಟೆಯಲ್ಲಿ ವಾದ್ಯಗಳ ಅಂಗಡಿಯನ್ನು ನಡೆಸುವ ಕುಟುಂಬವೊಂದು ನಮಗೆ ಮೂರು ದಶಕಗಳಿಂದ ಪರಿಚಿತವಾದುದು. ಕಳೆದ ಕಾರ್ತಿಕ ಮಾಸದಲ್ಲಿ ಪ್ರಸಾದಕ್ಕೆಂದು ಆ ಮನೆಗೆ ಹೋದಾಗ ಅಲ್ಲಿ ವ್ಯಾಜ್ಯವೊಂದು ನಡೆದಿತ್ತು. ಮನೆಯ ಕಿರಿಯ ಮಗನು ಯಾರ ನೌಕರಿಗೂ ಸೇರದೆ ಮದುವೆ, ಗೃಹಪ್ರವೇಶ, ದೀಕ್ಷೆ ಮೊದಲಾದ ಕಾರ್ಯಗಳ ಛಾಯಾಚಿತ್ರ ತೆಗೆದು ಜೀವನ ಸಾಗಿಸುವವನು. ಅವನಲ್ಲಿರುವುದು ನಿಕಾನ್ ಡಿ90, ಅಂದರೆ 2008ರಲ್ಲಿ ಪೇಟೆಗೆ ಬಂದ ಮಾದರಿ. ಅದನ್ನು ಬಿಟ್ಟು ಮಿರರ್‌ಲೆಸ್ ಎಂಬ ಹೊಸ ಬಗೆಯ ಕ್ಯಾಮೆರಾ ಕೊಳ್ಳಬೇಕೆಂಬುದು ಅವನ ಹಟ. ಮಸೂರವೂ ಸೇರಿ ಎರಡು ಲಕ್ಷ ಇಪ್ಪತ್ತು ಸಾವಿರ ರೂಪಾಯಿ. ತಾಯಿಯು ಕೈಬಳೆಗಳನ್ನು ಒತ್ತೆಯಿಡಲು ಸಿದ್ಧಳಾಗಿದ್ದಳು. ತಂದೆಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ. "ನಲವತ್ತು ವರ್ಷದ ಹಾರ್ಮೋನಿಯಮ್ಮಿಗೆ ತಿದಿ ಬದಲಿಸಿ, ರೀಡು ತಿದ್ದಿದರೆ ಹೊಸದಕ್ಕಿಂತ ಚೆನ್ನಾಗಿ ನುಡಿಯುತ್ತದೆ. ಈ ಯಂತ್ರ ಮಾತ್ರ ಹದಿನೈದು ವರ್ಷಕ್ಕೇ ಏಕೆ ಸಾಯಬೇಕು?" ಎಂಬುದು ಅವರ ಪ್ರಶ್ನೆ. ನ್ಯಾಯ ಹೇಳುವ ಭಾರವು ನಮ್ಮ ಮೇಲೆ ಬಿದ್ದಿತು.

ವ್ಯಾಕರಣ, ತರ್ಕಗಳನ್ನು ಓದಿದ ನಮಗೆ ಈ ವಿದ್ಯೆಯ ಗಂಧವೆಲ್ಲಿಯದು ಎಂದು ವಾಚಕರು ನಗಬಹುದು. ಆದರೆ ತಾಳೆಗರಿಯ ಪ್ರತಿಗಳನ್ನು ಪರಿಷ್ಕರಿಸುವ ಕೆಲಸದಲ್ಲಿ ಛಾಯಾಗ್ರಾಹಕರ ಪಕ್ಕದಲ್ಲಿ ಅನೇಕ ದಿನ ಕುಳಿತವರು ನಾವು. ನಾವು ಮಠದಲ್ಲಿ ಓದುತ್ತಿದ್ದಾಗ ಹಿರಿಯ ವಿದ್ಯಾರ್ಥಿಯೊಬ್ಬನ ಬಳಿ ಆಗ್ಫಾ ಕ್ಲಿಕ್-3 ಎಂಬ ಪೆಟ್ಟಿಗೆಯಿತ್ತು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಹದಿಮೂರನೆಯವನು ಮುಂದಿನ ಜಾತ್ರೆಯವರೆಗೆ ಕಾಯಬೇಕಾಗುತ್ತಿತ್ತು. ಆ ಹದಿಮೂರನೆಯವರು ಬಹುಪಾಲು ನಾವೇ ಆಗಿರುತ್ತಿದ್ದೆವು!

ಮೊದಲು ಹುಡುಗನನ್ನು ಕೇಳಿದೆವು: "ಈ ಹಳೆಯ ಯಂತ್ರವು ನಿನ್ನ ಯಾವ ಕೆಲಸವನ್ನು ಕೆಡಿಸಿತು?" ಅವನು ಚಿತ್ರದ ಸೂಕ್ಷ್ಮತೆ ಸಾಲದೆಂದನು. ಅದನ್ನು ಕಾಗದದ ಮೇಲೆ ಲೆಕ್ಕ ಹಾಕಿದೆವು. ಮದುವೆಯ ಆಲ್ಬಮ್ಮಿನ ಒಂದು ಪುಟ ಹನ್ನೆರಡಕ್ಕೆ ಹದಿನೆಂಟು ಅಂಗುಲ. ಅಂಗುಲಕ್ಕೆ 200 ಚುಕ್ಕೆಯಂತೆ ಮುದ್ರಿಸಿದರೆ 2400ಕ್ಕೆ 3600, ಅಂದರೆ 86 ಲಕ್ಷ ಚುಕ್ಕೆಗಳು ಬೇಕು. ಡಿ90 ಕೊಡುವುದು ಒಂದು ಕೋಟಿ 20 ಲಕ್ಷಕ್ಕೂ ಮೇಲೆ. ಆಲ್ಬಮ್ಮಿನ ಪುಟಕ್ಕೆ ಅದು ಧಾರಾಳವಾಯಿತು. ತಂದೆಯ ಮುಖವರಳಿತು.

ಆದರೆ ವಿಷಯವು ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಮದುವೆಗಳ ಮುಹೂರ್ತ ಎಷ್ಟೋ ಸಲ ಸೂರ್ಯೋದಯಕ್ಕೆ ಮುಂಚೆಯೇ ಬರುತ್ತದೆ. ಪಂಚಕಳಶದ ಮುಂದೆ ಕುಳಿತ ವಧೂವರರ ಮೇಲೆ ಬೀಳುವುದು ಮಂಟಪದ ಮಂದ ಬೆಳಕು. ಗದ್ದುಗೆಯ ಮುಂದೆ ದೀಕ್ಷೆ ನಡೆಯುವಾಗ ಫ್ಲ್ಯಾಷ್ ಹಾಕಿದರೆ ಹಿರಿಯರು ಗದರುತ್ತಾರೆ. ಅದು ಸರಿಯೂ ಹೌದು. ಅಂಥ ಕಡೆ ಯಂತ್ರದ ಬೆಳಕು ಹೀರುವ ಶಕ್ತಿಯೇ ಆಧಾರ. ಡಿ90ರಲ್ಲಿ ಆ ಶಕ್ತಿಯ ಅಳತೆಯಾದ ಐಎಸ್‌ಒ ಸಾಮಾನ್ಯವಾಗಿ 3200ಕ್ಕೆ ನಿಲ್ಲುತ್ತದೆ. ಅಲ್ಲಿಗೆ ಮುಟ್ಟುವ ಮೊದಲೇ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುತ್ತದೆ. ಹುಡುಗನು ತೋರಿಸಿದ ದೀಕ್ಷೆಯ ಚಿತ್ರಗಳಲ್ಲಿ ಬಾಲಕನ ಹಣೆಯ ವಿಭೂತಿಯೂ ಹಿಂದಿನ ಗೋಡೆಯ ಸುಣ್ಣವೂ ಒಂದೇ ಆಗಿದ್ದವು.

ನಮಗೆ ಇನ್ನೂ ದೊಡ್ಡ ದೋಷವಾಗಿ ಕಂಡುದು ಬೇರೊಂದು. ಆ ಕ್ಯಾಮೆರಾದಲ್ಲಿ ನೆನಪಿನ ಕಾರ್ಡಿಗೆ ಇರುವುದು ಒಂದೇ ಗೂಡು. ಇದನ್ನು ಕೇಳಿದಾಗ ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ತಮ್ಮನ ಮಗಳ ವಿವಾಹದಲ್ಲಿ ಚಿತ್ರ ತೆಗೆದವನ ಕಾರ್ಡು ಕೆಟ್ಟು, ಮುಹೂರ್ತದ ಚಿತ್ರಗಳೆಲ್ಲ ಹೋದವು. ಅವನು ಹಣ ಹಿಂತಿರುಗಿಸಿದನು, ಕಣ್ಣೀರನ್ನೂ ಹಾಕಿದನು. ಮರುವರ್ಷ ನಮ್ಮ ತಮ್ಮನು ಲಿಂಗೈಕ್ಯನಾದನು. ಮಗಳನ್ನು ಧಾರೆಯೆರೆದುಕೊಟ್ಟ ಅವನ ಚಿತ್ರವೊಂದೂ ಇಂದು ಆ ಮಗಳ ಬಳಿ ಇಲ್ಲ. ಅಕ್ಷತೆ ಬೀಳುವ ಗಳಿಗೆಯನ್ನು ಎರಡನೆಯ ಸಲ ನಡೆಸಿರೆಂದು ಯಾರನ್ನು ಕೇಳುವುದು? ಆದುದರಿಂದ ಎರಡು ಗೂಡುಗಳಿದ್ದು, ಪ್ರತಿಯೊಂದು ಚಿತ್ರವೂ ಎರಡು ಕಾರ್ಡುಗಳಲ್ಲಿ ಒಮ್ಮೆಗೇ ಬೀಳುವ ಯಂತ್ರವು ಮದುವೆಯ ಕೆಲಸದವನಿಗೆ ಅಗತ್ಯವೆಂದು ನಾವು ತಂದೆಗೆ ನೇರವಾಗಿ ಹೇಳಿದೆವು. ಹಾರ್ಮೋನಿಯಂ ಕೈಕೊಟ್ಟರೆ ಭಜನೆಯನ್ನು ನಾಳೆ ಮಾಡಬಹುದು.

ಆದರೆ ಅಗತ್ಯವೆಂದಾಕ್ಷಣ ಹೊಸದೇ ಆಗಬೇಕೆಂದೇನೂ ಇಲ್ಲ. ನಿಕಾನ್, ಕ್ಯಾನನ್ ಎರಡೂ 2018ರಲ್ಲಿ ದೊಡ್ಡ ಸಂವೇದಕದ ಮಿರರ್‌ಲೆಸ್ ಹಾದಿಯನ್ನು ಹಿಡಿದವು. 2020ರ ಅನಂತರ ಅವುಗಳಿಂದ ಕನ್ನಡಿಯುಳ್ಳ ಹೊಸ ಮಾದರಿಯೇ ಬಂದಿಲ್ಲ. ಅನೇಕರು ಹಳೆಯ ಬಗೆಯನ್ನು ಮಾರಿ ಹೊಸದಕ್ಕೆ ಹಾರಿದ್ದಾರೆ. ಅವರ ಅವಸರವು ತಾಳ್ಮೆಯುಳ್ಳವನಿಗೆ ಲಾಭ. 2014ರಲ್ಲಿ ಬಂದ ನಿಕಾನ್ ಡಿ750 ಎಂಬುದರಲ್ಲಿ ಎರಡು ಗೂಡುಗಳಿವೆ, ಐಎಸ್‌ಒ 12800ರವರೆಗೆ ಇದೆ, ಸಂವೇದಕವು ಹಳೆಯ ಫಿಲ್ಮಿನಷ್ಟೇ, ಅಂದರೆ 36ಕ್ಕೆ 24 ಮಿಲಿಮೀಟರಿನಷ್ಟು ದೊಡ್ಡದು. ಬಳಸಿದ ಒಂದು ಡಿ750 ಮತ್ತು ಅದಕ್ಕೊಪ್ಪುವ ಬಳಸಿದ ಮಸೂರವೊಂದು ಎಪ್ಪತ್ತು ಸಾವಿರಕ್ಕೆ ಸಿಗುತ್ತದೆಂದು ಹುಡುಗನೇ ವಿಚಾರಿಸಿಕೊಂಡು ಬಂದನು.

ಮಸೂರದ ಮಾತು ಬಂದುದರಿಂದ ಒಂದು ಸೂಕ್ಷ್ಮವನ್ನು ಹೇಳಬೇಕು. ಅನೇಕರು ಎಡವುವುದು ಇಲ್ಲಿಯೇ. ಅವನ ಬಳಿ ಹಳೆಯ ಡಿ ಬಗೆಯ 50 ಮಿಲಿಮೀಟರ್ ಮಸೂರವೊಂದಿದೆ. ಅದನ್ನು ತಾನಾಗಿ ಕೇಂದ್ರೀಕರಿಸುವ ಮೋಟಾರು ಮಸೂರದಲ್ಲಿಲ್ಲ, ಕ್ಯಾಮೆರಾದ ಒಡಲಿನಲ್ಲಿದೆ. ಅದೇ ಸಂಸ್ಥೆಯ ಹೊಸ ಮಿರರ್‌ಲೆಸ್‌ಗೆ ಅಡಾಪ್ಟರ್ ಹಾಕಿ ಅದನ್ನು ಕೂರಿಸಬಹುದು, ಆದರೆ ಕೈಯಿಂದಲೇ ತಿರುಗಿಸಬೇಕು. ಡಿ750ರಲ್ಲಾದರೋ ಮೋಟಾರು ಉಂಟು. ಮೇಲಾಗಿ ಡಿ90ರ ಚಿಕ್ಕ ಸಂವೇದಕದಲ್ಲಿ ಆ ಮಸೂರದ ನೋಟವು 75 ಮಿಲಿಮೀಟರಿನಷ್ಟು ಕಿರಿದಾಗುತ್ತಿತ್ತು. ಪೇಟೆಯ ಇಕ್ಕಟ್ಟಾದ ಮನೆಗಳಲ್ಲಿ ಹುಡುಗನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕಾಗುತ್ತಿತ್ತು. ಆ ಕಷ್ಟವೂ ತಪ್ಪುತ್ತದೆ. ಆದರೆ ಡಿ90ರ ಜೊತೆಗೆ ಬಂದ 18-105 ಮಸೂರವು ಚಿಕ್ಕ ಸಂವೇದಕಕ್ಕೆಂದೇ ಆದುದು; ದೊಡ್ಡದರಲ್ಲಿ ಅದು ನಡುಭಾಗವನ್ನಷ್ಟೇ ತುಂಬುತ್ತದೆ. ಎರಡನೆಯ ಮಸೂರದ ಖರ್ಚು ಬಂದುದು ಅದರಿಂದ.

ಕೊನೆಗೆ ಅವನ ಲೆಕ್ಕದ ಪುಸ್ತಕವನ್ನು ತರಿಸಿದೆವು. ತಾಯಿ ಅದನ್ನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ಹಿಂದಿನ ವರ್ಷ ಇಪ್ಪತ್ತೆರಡು ದಿನ, ದಿನಕ್ಕೆ ಸಾವಿರದ ಐನೂರರಂತೆ ಅವನು ಒಳ್ಳೆಯ ಕ್ಯಾಮೆರಾವನ್ನು ಬಾಡಿಗೆಗೆ ತಂದಿದ್ದನು. ಅದೇ ಮೂವತ್ತಮೂರು ಸಾವಿರ. ಹೀಗೆ ನೋಡಿದರೆ ಎಪ್ಪತ್ತು ಸಾವಿರವು ಎರಡು ವರ್ಷಕ್ಕೆ ಸ್ವಲ್ಪ ಮೇಲೆ ತೀರುತ್ತದೆ. ಎರಡು ಲಕ್ಷ ಇಪ್ಪತ್ತು ಸಾವಿರವು ಆರೂವರೆ ವರ್ಷವನ್ನು ದಾಟುತ್ತದೆ, ಒತ್ತೆಯ ಬಡ್ಡಿ ಬೇರೆ. ಬಳೆಗಳು ತಾಯಿಯ ಕೈಯಲ್ಲಿಯೇ ಉಳಿಯಲೆಂದೆವು. ಕೈಯಲ್ಲಿದ್ದ ಉಳಿತಾಯದ ಜೊತೆಗೆ ತಂದೆಯೇ ಇಪ್ಪತ್ತು ಸಾವಿರ ಕೊಡಲು ಒಪ್ಪಿದರು, ಸಾಲವಾಗಿ. ಅಂಗಡಿಯವರಲ್ಲವೆ!

ಹುಡುಗನಿಗೆ ಸ್ವಲ್ಪ ನಿರಾಶೆಯಾಯಿತು. ಜೊತೆಯವರೆಲ್ಲ ಹೊಸದನ್ನು ಹಿಡಿದಿರುವಾಗ ತನ್ನದನ್ನು ನೋಡಿ ಗಿರಾಕಿಗಳು ಏನೆಂದಾರು ಎಂಬ ಅಳುಕು. ಅವನಿಗೆ ಮೈಸೂರಿನ ಟಿ. ಎಸ್. ಸತ್ಯನ್ ಅವರ ಹೆಸರನ್ನು ಹೇಳಿದೆವು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ಬಹುಕಾಲ ಸ್ವತಂತ್ರ ಛಾಯಾಗ್ರಾಹಕರಾಗಿಯೇ ದುಡಿದವರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಚಿತ್ರಿಸಿದರು. 1977ರಲ್ಲಿ ಪದ್ಮಶ್ರೀ ಪಡೆದರು. ಅವರ ಚಿತ್ರಗಳಲ್ಲಿನ ಮಕ್ಕಳ ಮುಖಗಳನ್ನು ಒಮ್ಮೆ ನೋಡಿ ಬಾ ಎಂದೆವು. ಅವನು ಹೂಂಗುಟ್ಟಿದನು. ನೋಡಿದನೋ ಇಲ್ಲವೋ ತಿಳಿಯದು.

ಹಳೆಯದನ್ನು ಕೊಳ್ಳುವಾಗ ಅವನು ತಿಳಿದವರೊಬ್ಬರನ್ನು ಕರೆದುಕೊಂಡು ಹೋದುದು ಒಳ್ಳೆಯದಾಯಿತು. ಡಿ750ರ ಷಟರನ್ನು ಒಂದೂವರೆ ಲಕ್ಷ ಚಿತ್ರಗಳಿಗೆ ಪರೀಕ್ಷಿಸಲಾಗಿದೆ. ಎಷ್ಟು ತೆಗೆದಿದೆಯೆಂಬುದನ್ನು ಚಿತ್ರದ ಕಡತದಿಂದಲೇ ಓದಬಹುದು. ಕೆಲವು ಕ್ರಮಸಂಖ್ಯೆಗಳಲ್ಲಿ ಷಟರಿನ ದೋಷವಿದೆಯೆಂದು 2015ರಲ್ಲಿ ಸಂಸ್ಥೆಯೇ ಪ್ರಕಟಿಸಿತ್ತು. ಆ ಸಂಖ್ಯೆಯನ್ನೂ ನೋಡಿಕೊಂಡರು. ಮೊದಲು ತೋರಿಸಿದ ಮಸೂರವನ್ನು ಬೆಳಕಿಗೆ ಹಿಡಿದಾಗ ಒಳಗೆ ಜೇಡರ ಬಲೆಯಂಥ ಬೂಷ್ಟು ಕಂಡಿತು. ಅದನ್ನು ಬಿಟ್ಟು ಇನ್ನೊಂದನ್ನು ತಂದರು.

ಮಾಘ ಮಾಸದಲ್ಲಿ ಅವನು ಒಂದು ದೀಕ್ಷೆಯ ಚಿತ್ರಗಳನ್ನು ನಮಗೆ ತೋರಿಸಲು ತಂದಿದ್ದನು. ಫ್ಲ್ಯಾಷ್ ಹಾಕದೆ, ಎರಡು ದೀಪಗಳ ಬೆಳಕಿನಲ್ಲಿಯೇ ತೆಗೆದವು. ಬಾಲಕನ ಹಣೆಯ ಮೇಲೆ ವಿಭೂತಿಯ ಮೂರು ಎಳೆಗಳನ್ನೂ ನಮ್ಮ ಹಳೆಯ ಕನ್ನಡಕದಿಂದಲೇ ಎಣಿಸಿದೆವು. ಡಿ90 ಎಲ್ಲಿ ಎಂದು ಕೇಳಿದೆವು. ಎರಡನೆಯ ಕ್ಯಾಮೆರಾವಾಗಿ ಚೀಲದಲ್ಲಿಯೇ ಇದೆಯೆಂದನು. ಕಾರ್ಡುಗಳನ್ನೋ? ಮನೆಗೆ ಬಂದೊಡನೆ ಒಂದನ್ನು ತಂದೆಯ ಗಲ್ಲಾಪೆಟ್ಟಿಗೆಯಲ್ಲಿ ಇಡುತ್ತಾನಂತೆ, ಆಲ್ಬಮ್ಮು ಗಿರಾಕಿಯ ಕೈಸೇರುವವರೆಗೆ.